ಕುರ್ಚಿ ಹಾಕುವ ಮೊದಲಿನ ಕೆಲಸ

(ಬೆಂಗಳೂರಿನಲ್ಲಿ ಬಡಾವಣೆ ಮಟ್ಟದ ಕಾರ್ಯಕರ್ತರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ನಮ್ಮಲ್ಲಿ ಸಭೆ ಎಂದರೆ ಅದಕ್ಕೊಂದು ಕಟ್ಟಿಟ್ಟ ಕ್ರಮವಿದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಹಾರ ತುರಾಯಿ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ. ಸಭಿಕರಿಗೆ ಬಾಯಿ ಬಿಡಲು ಸಿಗುವುದು ಕೊನೆಯ ಹತ್ತು ನಿಮಿಷ. ಊಟದ ಹೊತ್ತಾಯಿತು ಅಂತ ಅದೂ ಮೊಟಕಾಗುತ್ತದೆ. ಈ ಕ್ರಮದಲ್ಲಿ ಪುಸ್ತಕ ಬಿಡುಗಡೆ ಮಾಡಬಹುದು. ಮಾತು ಬಿಟ್ಟ ಎರಡು ಗುಂಪುಗಳನ್ನು ಮಾತಿಗೆ ಕೂರಿಸಲು ಆಗುವುದಿಲ್ಲ. ಹಬ್ಬದ ಮುಂಚೆ ಠಾಣೆಯಲ್ಲಿ ನಡೆಯುವ ಶಾಂತಿ ಸಭೆಗಳೂ ಬಹುಪಾಲು ಇದೇ ಅಚ್ಚಿನವು: ಮೇಜಿನಾಚೆ ಅಧಿಕಾರಿಗಳು, ಈಚೆ ಎರಡೂ ಕಡೆಯ ಮುಖಂಡರು, ಎಲ್ಲರೂ 'ನಮ್ಮಲ್ಲಿ ಭೇದವಿಲ್ಲ' ಎಂದು ಹೇಳಿ ಎದ್ದು ಹೋಗುವುದು. ಮೆರವಣಿಗೆಯ ದಾರಿ, ಹೊತ್ತು ಗೊತ್ತುಮಾಡಲು ಆ ಸಭೆ ಬೇಕೇ ಬೇಕು, ಅದನ್ನು ಹಗುರವಾಗಿ ಕಾಣುವುದು ಬೇಡ. ಆದರೆ ಅದನ್ನೇ ಸಂವಾದ ಅಂದುಕೊಂಡರೆ ಮೋಸ ಹೋಗುತ್ತೇವೆ.

ಇವತ್ತು ಹೇಳಬೇಕಾದ್ದು ಮುಖ್ಯವಾಗಿ ಒಂದೇ. ಸಂವಾದ ಕೆಟ್ಟರೆ ಅದು ಸಭೆಯ ದಿನ ಕೆಟ್ಟಿರುವುದಿಲ್ಲ, ಮೂರು ವಾರ ಮೊದಲೇ ಕೆಟ್ಟಿರುತ್ತದೆ. ಯಾರನ್ನು ಕರೆದಿರಿ, ಮೊದಲೇ ಯಾರ ಮನೆಗೆ ಹೋಗಿ ಕೂತಿರಿ, ಯಾವ ಪ್ರಶ್ನೆ ಇಟ್ಟಿರಿ, ಯಾವ ಹೊತ್ತು ಗೊತ್ತುಮಾಡಿದಿರಿ ಎಂಬುದರಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಅದಕ್ಕೂ ಮೊದಲು ಒಂದು ಬೇಲಿ ಹಾಕಿಬಿಡೋಣ. ಸಂವಾದ ಬೇರೆ, ರಾಜಿ ಪಂಚಾಯಿತಿ ಬೇರೆ. ಹಲ್ಲೆ, ಬೆದರಿಕೆ, ಜಾತಿ ನಿಂದನೆ, ಬಹಿಷ್ಕಾರ ನಡೆದಿದ್ದರೆ ಅದಕ್ಕೆ ದೂರು, ಎಫ್‌ಐಆರ್, ನ್ಯಾಯಾಲಯ. 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯವಾಗುವ ಕಡೆ 'ಒಟ್ಟಿಗೆ ಬಾಳಬೇಕಲ್ಲ, ಹೊಂದಿಕೊಂಡು ಹೋಗಿ' ಅಂತ ಕೂರಿಸಿದರೆ, ಪೆಟ್ಟು ತಿಂದವರಿಗೆ ಅದು ಎರಡನೇ ಪೆಟ್ಟು. ಒಂದು ಕಡೆಯವರು ಇನ್ನೊಂದು ಕಡೆಯವರ ಬಾಡಿಗೆ ಮನೆ ಖಾಲಿ ಮಾಡಿಸಬಲ್ಲರು, ಕೆಲಸ ಬಿಡಿಸಬಲ್ಲರು ಎಂಬ ಸ್ಥಿತಿ ಇದ್ದಾಗಲೂ ವೃತ್ತದಲ್ಲಿ ಕೂರಿಸಲು ಅವಸರ ಮಾಡಬಾರದು. ಅಲ್ಲಿ ಕುರ್ಚಿಗಳು ಒಂದೇ ಎತ್ತರದವು, ಕೂತವರು ಅಲ್ಲ.

ನಮ್ಮದೇ ನೆಲದ ಒಂದು ಪ್ರಯೋಗದಿಂದ ಶುರು ಮಾಡೋಣ. ಕಾವೇರಿ ನ್ಯಾಯಮಂಡಳಿ 1991ರಲ್ಲಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಆ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನ ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿಗಳಾದವು. 2002ರಲ್ಲಿ ಮಳೆ ಕೈಕೊಟ್ಟಾಗ ಮತ್ತೆ ಅದೇ ಬಿಕ್ಕಟ್ಟು. ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಹೊರಟದ್ದು ಆಗಲೇ. ಮರುವರ್ಷ, ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಎಸ್. ಜನಕರಾಜನ್ ನಡುವೆ ನಿಂತು ಎರಡೂ ರಾಜ್ಯಗಳ ರೈತರನ್ನು ಒಟ್ಟಿಗೆ ಕೂರಿಸಿದರು. ಚೆನ್ನೈನಲ್ಲಿ ಒಮ್ಮೆ, ಬೆಂಗಳೂರಿನಲ್ಲಿ ಒಮ್ಮೆ, ಹೀಗೆ ಸಭೆಗಳು ಮುಂದುವರಿದವು. ಆ ಗುಂಪಿಗೆ 'ಕಾವೇರಿ ಕುಟುಂಬ' ಎಂದೇ ಹೆಸರಾಯಿತು.

ಇದರಲ್ಲಿ ಕಲಿಯಬೇಕಾದ್ದು ಆ ಹೆಸರಿನ ಅಂದವನ್ನಲ್ಲ, ಕ್ರಮವನ್ನು. ಟಿಎಂಸಿ ಲೆಕ್ಕಕ್ಕಷ್ಟೇ ನಿಲ್ಲಲಿಲ್ಲ. ಒಬ್ಬರ ಜಮೀನನ್ನು ಇನ್ನೊಬ್ಬರು ಹೋಗಿ ನೋಡಿದರು. ಕೆಆರ್‌ಎಸ್ ಭರ್ತಿ ಮಟ್ಟ 124.80 ಅಡಿ ಎಂಬುದು ಮಂಡ್ಯದ ಮಕ್ಕಳಿಗೂ ಬಾಯಿಪಾಠ. ಹಾಗೆಯೇ ಮೆಟ್ಟೂರು ಅಣೆಕಟ್ಟಿನ ಬಾಗಿಲು ಜೂನ್ 12ಕ್ಕೆ ತೆರೆಯಬೇಕು ಎಂಬುದು ತಂಜಾವೂರು ಭಾಗದ ರೈತನ ಪಂಚಾಂಗ. ಅದು ತಪ್ಪಿದರೆ ಅವನ ಕುರುವೈ ಭತ್ತದ ಬೆಳೆ ತಪ್ಪಿತು. ಇಲ್ಲಿಯವನಿಗೆ ಜೂನ್ ಎಂದರೆ ಮುಂಗಾರು ಬಂದೀತೋ ಇಲ್ಲವೋ ಎಂಬ ದಿಗಿಲು. ಅದೇ ತಿಂಗಳು ಅಲ್ಲಿಯವನಿಗೆ ಗಡುವು. ಇಂಥದ್ದು ವಕೀಲರ ವಾದದಲ್ಲಿ ಅಂಕಿಯಾಗಿ ಬರುತ್ತದೆ, ಬದುವಿನ ಮೇಲೆ ನಿಂತರೆ ಅರ್ಥವಾಗುತ್ತದೆ.

ಆದರೆ ಲೆಕ್ಕವನ್ನು ಪ್ರಾಮಾಣಿಕವಾಗಿಯೇ ಕೊಡಬೇಕು. ಕಾವೇರಿ ಕುಟುಂಬ ನೀರಿನ ಹಂಚಿಕೆಯನ್ನು ತೀರ್ಮಾನಿಸಲಿಲ್ಲ. ನ್ಯಾಯಮಂಡಳಿಯ ಅಂತಿಮ ತೀರ್ಪು 2007ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪು 2018ರಲ್ಲಿ ಬಂದವು. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಮತ್ತೆ ಹೊತ್ತಿ ಉರಿಯಿತು, ಬಸ್ಸುಗಳು ಸುಟ್ಟವು, 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಂತು. ಯಾಕೆ? ಮಾತಿಗೆ ಕೂತವರು ಗದ್ದೆಯವರು, ಬೀದಿಗೆ ಇಳಿದವರು ನಗರದವರು. ನೀರಿನ ಜಗಳ ಮಂಡ್ಯದ್ದು, ಬೆಂಕಿ ಇಲ್ಲಿಯದು. ಆ ನಗರದ ಹುಡುಗರನ್ನು ಯಾರೂ ಎಲ್ಲಿಯೂ ಕೂರಿಸಿರಲಿಲ್ಲ. ಆದ್ದರಿಂದ ಮೊದಲ ಪ್ರಶ್ನೆ: ಜಗಳ ಯಾರದು ಎಂದಷ್ಟೇ ಅಲ್ಲ, ನಾಳೆ ಕೆಟ್ಟರೆ ಬೀದಿಗೆ ಬರುವವರು ಯಾರು?

ಈಗ ನಮ್ಮ ಅಳತೆಗೆ ಇಳಿಯೋಣ. ಕಲ್ಪಿಸಿಕೊಳ್ಳಿ: ಒಂದು ಅಡ್ಡರಸ್ತೆ. ಈ ತುದಿಯಲ್ಲಿ ಮಸೀದಿ, ಆ ತುದಿಯಲ್ಲಿ ಪ್ರತಿ ವರ್ಷ ಗಣಪತಿ ಕೂರಿಸುವ ಜಾಗ, ನಡುವೆ ಐದು ವರ್ಷದ ಹಿಂದೆ ಎದ್ದ ಅಪಾರ್ಟ್‌ಮೆಂಟ್. ಮೈಕಿನ ಸದ್ದಿನ ಬಗ್ಗೆ ಜಗಳ. ಅದಕ್ಕೆ ಕನ್ನಡ–ಹಿಂದಿ ಕೋಪವೂ ಸೇರಿಕೊಂಡಿದೆ, ಪಾರ್ಕಿಂಗೂ ಸೇರಿಕೊಂಡಿದೆ. ಬೆಂಗಳೂರಿನಲ್ಲಿ ಯಾವ ಜಗಳವೂ ಒಂದೇ ಎಳೆಯದ್ದಲ್ಲ.

ಎಷ್ಟು ಜನ? ಹನ್ನೆರಡರಿಂದ ಹದಿನಾರು. ಎಂಟಕ್ಕಿಂತ ಕಡಿಮೆಯಾದರೆ ಇಬ್ಬರ ಜಗಳವಾಗುತ್ತದೆ, ಇಪ್ಪತ್ತು ದಾಟಿದರೆ ಭಾಷಣ ಶುರುವಾಗುತ್ತದೆ. ಯಾವ ಗುಂಪಿನಿಂದಲೂ ಮೂವರಿಗೆ ಕಡಿಮೆ ಬೇಡ. ಒಬ್ಬರೇ ಬಂದರೆ ಅವರು ಮನುಷ್ಯರಾಗಿ ಅಲ್ಲ, ಇಡೀ ಸಮುದಾಯದ ಪರ ವಕೀಲರಾಗಿ ಕೂರಬೇಕಾಗುತ್ತದೆ; ಹೆಂಗಸರ ವಿಷಯದಲ್ಲೂ ಇದೇ ಮಾತು. ಇನ್ನು ಮುಖಂಡರು. ಅವರನ್ನು ಕರೆಯಲೇಬೇಡಿ ಎನ್ನುವುದಿಲ್ಲ, ಮೊದಲು ಕರೆಯಬೇಡಿ. ತಮ್ಮವರ ಎದುರು ಅನುಮಾನ ತೋರಿಸುವ ಅನುಕೂಲ ಮುಖಂಡರಿಗಿಲ್ಲ. ಪೆಂಡಾಲಿನ ಚಂದಾ ಲೆಕ್ಕ ಬರೆಯುವ ಹುಡುಗ, ಮಸೀದಿ ಕಮಿಟಿಯಲ್ಲಿ ಓಡಾಡಿ ಕೆಲಸ ಮಾಡುವವರು, ಅಂಗನವಾಡಿ ಟೀಚರ್, ಹಾಲಿನ ಬೂತಿನವರು, ಆಟೋ ಸ್ಟ್ಯಾಂಡಿನ ಇಬ್ಬರು, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯ ಬದಲು ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ನಿದ್ದೆ ಮಾಡಬೇಕಾದ ಒಬ್ಬ ನಿವಾಸಿ. ಇಂಥವರು ಬೇಕು. ಮುಖಂಡರ ಮನೆಗೆ ಮಾತ್ರ ಮೊದಲೇ ಹೋಗಿ ವಿಷಯ ತಿಳಿಸಿಬನ್ನಿ. ಒಪ್ಪಿಗೆ ಕೇಳಬೇಕಿಲ್ಲ. ತಿಳಿಸದೆ ಇದ್ದರೆ ಆ ಒಂದು ಕಾರಣಕ್ಕೇ ಕೆಡಿಸುತ್ತಾರೆ.

ಆಮೇಲೆ, ಬರುವ ಪ್ರತಿಯೊಬ್ಬರ ಜೊತೆ ಒಬ್ಬೊಬ್ಬರಾಗಿ ಮುಕ್ಕಾಲು ಗಂಟೆ. ಹದಿನಾಲ್ಕು ಜನ ಎಂದರೆ ಹತ್ತೂವರೆ ಗಂಟೆ. ಸಿಗದವರಿಗಾಗಿ ಎರಡನೇ ಸಲ ಹೋಗುವುದು ಸೇರಿ ಸಭೆ ನಡೆಸುವ ಇಬ್ಬರಿಗೆ ಮೂರು ವಾರ ಹಿಡಿಯುತ್ತದೆ. ಎಲ್ಲರೂ ಬಿಟ್ಟುಬಿಡುವ ಹಂತ ಇದೇ, ಸಭೆ ಕೆಡುವುದೂ ಇದರಿಂದಲೇ. ಅವರ ಮನೆಯಲ್ಲಿ ಅಥವಾ ಅಂಗಡಿಯಲ್ಲಿ ಕೂತು ಮೂರು ಪ್ರಶ್ನೆ ಕೇಳಿ. ಈ ವಿಷಯದಲ್ಲಿ ನಿಮಗೆ ಏನೇನಾಗಿದೆ? ಸಭೆಗೆ ಬಂದರೆ ಏನಾದೀತು ಎಂಬ ಹೆದರಿಕೆ ಇದೆ? ಯಾವ ಮಾತು ಕಿವಿಗೆ ಬಿದ್ದರೆ ನೀವು ಎದ್ದು ಹೋಗುತ್ತೀರಿ?

ಮೂರನೆಯದರ ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ಒಂದು ಪದ ಎಷ್ಟು ತೂಗುತ್ತದೆ ನೋಡಿ. ಅಮೆರಿಕದ ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ 1994ರ ಡಿಸೆಂಬರ್ 30ರಂದು ಗರ್ಭಪಾತದ ಕ್ಲಿನಿಕ್‌ಗಳಲ್ಲಿ ಗುಂಡು ಹಾರಿ ಇಬ್ಬರು ಸತ್ತರು. ಆಮೇಲೆ ಪರ–ವಿರೋಧದ ಮೂವರು ಮೂವರಂತೆ ಆರು ಮುಂದಾಳು ಮಹಿಳೆಯರು ಐದು ವರ್ಷಕ್ಕೂ ಮೀರಿ ಗುಟ್ಟಾಗಿ ಸೇರಿ ಮಾತಾಡಿದರು. 2001ರ ಜನವರಿಯಲ್ಲಷ್ಟೇ ಅದು ಹೊರಗೆ ಗೊತ್ತಾಯಿತು. ಗರ್ಭದಲ್ಲಿರುವುದನ್ನು ಏನೆಂದು ಕರೆಯಬೇಕು ಎಂಬಲ್ಲೇ ಅವರಿಗೆ ತೊಡಕಾಗಿತ್ತು. ಒಬ್ಬರ ಬಾಯಲ್ಲಿ 'ಹುಟ್ಟದ ಮಗು', ಇನ್ನೊಬ್ಬರ ಬಾಯಲ್ಲಿ 'ಭ್ರೂಣ'. ಕೊನೆಗೆ 'ಮಾನವ ಭ್ರೂಣ' ಎಂಬುದಕ್ಕೆ ಒಪ್ಪಿದರು. ಯಾರಿಗೂ ಪೂರ್ತಿ ಹಿಡಿಸದ, ಆದರೆ ಯಾರೂ ಎದ್ದು ಹೋಗದ ಮಾತು. ಇನ್ನೊಂದನ್ನೂ ಗಮನಿಸಿ: ಅವರಲ್ಲಿ ಯಾರೂ ತಮ್ಮ ನಿಲುವು ಬಿಡಲಿಲ್ಲ. ಬಿಟ್ಟದ್ದು ಎದುರಿನವರನ್ನು ರಾಕ್ಷಸರಂತೆ ಬಣ್ಣಿಸುವುದನ್ನು.

ನಮ್ಮ ಕಡೆ ಎದ್ದು ಹೋಗುವಂತೆ ಮಾಡುವ ಮಾತುಗಳು ಗೊತ್ತಿರುವಂಥವೇ. 'ಹೊರಗಿನವರು', 'ಸ್ಲಮ್ಮಿನವರು', 'ಅವರ ಏರಿಯಾ', 'ನಿಮ್ಮವರು'. ಇವಕ್ಕಿಂತ ನುಣ್ಣಗೆ ಕೊಯ್ಯುವುದು ಏಕವಚನ. ಅಪಾರ್ಟ್‌ಮೆಂಟಿನವರಿಗೆ 'ಸಾರ್, ಹೇಳಿ', ಪೌರಕಾರ್ಮಿಕರಿಗೆ 'ಏನಮ್ಮಾ, ಹೇಳು' ಅಂತಾದರೆ ಯಾವ ಸಮಾನತೆಯ ಪೀಠಿಕೆಯೂ ಅದನ್ನು ತೊಳೆಯುವುದಿಲ್ಲ. ಇಂಗ್ಲಿಷಿನ ಕೈಪಿಡಿ ಓದಿ ತರಬೇತಾದವರಿಗೆ ಇದು ಹೊಳೆಯುವುದೇ ಇಲ್ಲ, ಆ ಭಾಷೆಯಲ್ಲಿ ಈ ಕತ್ತಿಯೇ ಇಲ್ಲವಲ್ಲ. ನಿಯಮ ಒಂದೇ: ವೃತ್ತದೊಳಗೆ ಎಲ್ಲರಿಗೂ 'ನೀವು', ಹದಿನೆಂಟರ ಹುಡುಗನಿಗೂ. ಹೆಸರಿನ ಮುಂದೆ ಅಕ್ಕ, ಅಣ್ಣ, ಭಾಯ್, ಆಪಾ ಏನು ಸೇರಿಸಬೇಕೆಂದು ಅವರನ್ನೇ ಮೊದಲು ಕೇಳಿಕೊಳ್ಳಿ.

ಭಾಷೆಯ ಮಾತು ಬಂತು. ನಮ್ಮ ಬೀದಿಗಳಲ್ಲಿ ಕನ್ನಡ, ದಖನಿ, ತಮಿಳು, ತೆಲುಗು, ಹಿಂದಿ ಒಂದೇ ನಲ್ಲಿಯ ಮುಂದೆ ಕೇಳಿಬರುತ್ತವೆ. ಸಭೆ ಕನ್ನಡದಲ್ಲೇ ನಡೆಯಲಿ, ಆದರೆ ನೋವನ್ನು ತಮ್ಮ ಮಾತಿನಲ್ಲೇ ಹೇಳಿಕೊಳ್ಳಲು ಬಿಡಿ. ಪಕ್ಕದಲ್ಲಿ ಕೂತವರು ಎರಡು ಮೂರು ವಾಕ್ಯಕ್ಕೊಮ್ಮೆ ಕನ್ನಡದಲ್ಲಿ ಹೇಳಲಿ. ಇದಕ್ಕೆ ಹಿಡಿಯುವ ಹೊತ್ತು ಒಂದೂವರೆ ಪಟ್ಟು ಮೀರುತ್ತದೆ. ಒಂದೂವರೆ ಗಂಟೆಯ ಸಭೆಗೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಅನುವಾದಿಸುವವರು ಆ ಜಗಳದಲ್ಲಿ ಪಾಲಿಲ್ಲದವರಾಗಿರಬೇಕು. ಮಗನೇ ತಾಯಿಯ ಮಾತನ್ನು ಅನುವಾದಿಸಿದರೆ ತಾಯಿಯ ಮಾತು ಮಗನದಾಗಿಬಿಡುತ್ತದೆ.

ಹೊತ್ತು ಮತ್ತು ಜಾಗ. ಶುಕ್ರವಾರ ಮಧ್ಯಾಹ್ನ ನಮಾಜು. ರಂಜಾನ್ ತಿಂಗಳಲ್ಲಿ ಸಂಜೆ ಬೇಡವೇ ಬೇಡ. ಗಾರ್ಮೆಂಟ್ಸ್‌ಗೆ ಹೋಗುವವರಿಗೆ ಭಾನುವಾರ ಒಂದೇ ರಜೆ, ಅಂದು ಬೆಳಿಗ್ಗೆ ಬಟ್ಟೆ, ಮಾರುಕಟ್ಟೆ. ದಿನ ಬಿಟ್ಟು ದಿನ ಕಾವೇರಿ ನೀರು ಬಿಡುವ ಕಡೆ, ನೀರು ಬರುವ ಹೊತ್ತಿಗೆ ಸಭೆ ಇಟ್ಟರೆ ಹೆಂಗಸರು ಬರುವುದಿಲ್ಲ. 'ಮಹಿಳೆಯರಿಗೆ ಆಸಕ್ತಿ ಇಲ್ಲ' ಎಂದು ವರದಿ ಬರೆಯುವವರಿಗೆ ವಾಲ್ವ್‌ಮನ್ ಬಂದು ಹೋದದ್ದು ಗೊತ್ತಿರುವುದಿಲ್ಲ. ಬಹುತೇಕ ಕಡೆ ಭಾನುವಾರ ಮಧ್ಯಾಹ್ನ ಮೂರೂವರೆಯಿಂದ ಆರು ಒಗ್ಗುತ್ತದೆ. ಜಾಗಕ್ಕೆ ಸರ್ಕಾರಿ ಶಾಲೆಯ ಕೋಣೆ, ವಾರ್ಡಿನ ಗ್ರಂಥಾಲಯ ಆಗಬಹುದು. ಯಾವುದೋ ಜಾತಿ ಸಂಘದ ಸಮುದಾಯ ಭವನ ಪುಕ್ಕಟೆ ಸಿಕ್ಕರೂ ಬೇಡ, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಸುತರಾಂ ಬೇಡ. ಗೇಟಿನಲ್ಲಿ ಕೆಲವರು ಮಾತ್ರ ಪುಸ್ತಕದಲ್ಲಿ ಸಹಿ ಹಾಕಿ ಒಳಬರಬೇಕಾದ ಜಾಗ ಅದು.

ಬೆಂಚುಗಳನ್ನು ಗೋಡೆಗೆ ಸರಿಸಿ, ಒಂದೇ ಥರದ ಪ್ಲಾಸ್ಟಿಕ್ ಕುರ್ಚಿಗಳನ್ನು ಬಾಡಿಗೆಗೆ ತಂದು ವೃತ್ತವಾಗಿ ಹಾಕಿ. ಬರುವವರ ಲೆಕ್ಕಕ್ಕಿಂತ ಒಂದೂ ಹೆಚ್ಚು ಬೇಡ. ಖಾಲಿ ಕುರ್ಚಿ ಕಂಡರೆ ದಾರಿಹೋಕ ಮುಖಂಡರು ಬಂದು ಕೂರುತ್ತಾರೆ. ವೇದಿಕೆ ಇಲ್ಲ, ಮೇಜಿಲ್ಲ, ಬ್ಯಾನರ್ ಇಲ್ಲ. ಮೈಕೂ ಇಲ್ಲ: ಮೈಕ್ ಕೈಗೆ ಬಂದರೆ ಸಾಕು, 'ವೇದಿಕೆಯ ಮೇಲಿರುವ ಗಣ್ಯರೇ' ತಾನಾಗಿ ಬರುತ್ತದೆ. ಪ್ರಾರ್ಥನೆ ಬೇಡ, ಯಾರ ಪ್ರಾರ್ಥನೆ ಎಂಬುದೇ ಮೊದಲ ಜಗಳವಾದೀತು. ಚಹಾ, ಬಾಳೆಹಣ್ಣು, ಬಿಸ್ಕತ್ತು ಸಾಕು. ಚಹಾ ಮಾತ್ರ ಎಲ್ಲರಿಗೂ ಒಂದೇ ಬಗೆಯ ಲೋಟದಲ್ಲಿ ಬರಲಿ, ಕೊಡುವವರು ಬೇರೆ ಬೇರೆ ಗುಂಪಿನ ಇಬ್ಬರಾಗಿರಲಿ. ಯಾರು ಯಾರ ಕೈಯ ಚಹಾ ಕುಡಿಯದೆ ಪಕ್ಕಕ್ಕಿಟ್ಟರು ಎಂಬುದನ್ನು ನಡೆಸುವವರು ಕಣ್ಣಂಚಿನಲ್ಲೇ ನೋಡಿಟ್ಟುಕೊಳ್ಳಬೇಕು. ಆ ದಿನ ಬಾಯಿ ಹೇಳದ್ದನ್ನು ಆ ಲೋಟ ಹೇಳಿರುತ್ತದೆ.

ಶುರುವಿನಲ್ಲಿ ನಾಲ್ಕು ಒಪ್ಪಂದ ಸಾಕು. ಫೋನು ಬುಟ್ಟಿಗೆ. ಫೋಟೋ ಇಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಇಲ್ಲ. ಇಲ್ಲಿ ಕೇಳಿದ ಮಾತು ಹೊರಗೆ ಹೋಗಬಹುದು, ಹೇಳಿದವರ ಹೆಸರು ಹೋಗಕೂಡದು. ಬಡಾವಣೆಯ ವಾಟ್ಸ್ಯಾಪ್ ಗುಂಪಿಗೆ ಅರ್ಧ ವಾಕ್ಯ ಸೋರಿದರೂ ಎರಡನೇ ಸಭೆಗೆ ಜನ ಬರುವುದಿಲ್ಲ.

ಇನ್ನು ಪ್ರಶ್ನೆ. 'ಮೈಕ್ ಇರಬೇಕೋ ಬೇಡವೋ' ಎಂದು ಕೇಳಿದರೆ ಐದು ನಿಮಿಷದಲ್ಲಿ ಕೋಣೆ ಇಬ್ಭಾಗ. ಮೊದಲ ಸುತ್ತಿಗೆ: 'ಈ ಬೀದಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ನಿಮ್ಮ ಮನೆಯ ದಿನ ಹೇಗೆ ಸಾಗುತ್ತದೆ?' ತಲಾ ಎರಡು ನಿಮಿಷ, ಕೂತ ಸಾಲಿನಲ್ಲೇ, ಮಧ್ಯೆ ಯಾರೂ ಬಾಯಿ ಹಾಕುವಂತಿಲ್ಲ. ಬೇಡವೆಂದವರು 'ಮುಂದೆ' ಅನ್ನಬಹುದು. ಎರಡನೇ ಸುತ್ತಿಗೆ: 'ಈ ವಿಷಯದಲ್ಲಿ ನೀವು ಯಾವುದನ್ನು ಬಿಟ್ಟುಕೊಡಲಾರಿರಿ, ಯಾಕೆ?' ಮೂರನೆಯದು ಕಷ್ಟದ್ದು: 'ನಿಮ್ಮ ನಿಲುವಿನಲ್ಲೇ ನಿಮಗೆ ಅಳುಕಿರುವ ಜಾಗ ಯಾವುದು?' ಇದನ್ನು ಮೊದಲ ಸಭೆಯಲ್ಲಿ ಕೇಳಬೇಡಿ. ಎರಡನೆಯದರಲ್ಲಿ ಕೇಳಿ, ಕೇಳಿದ ಮೇಲೆ ಒಂದು ನಿಮಿಷ ಸುಮ್ಮನಿರಿ. ಆ ಒಂದು ನಿಮಿಷ ಬಹಳ ಉದ್ದ ಅನಿಸುತ್ತದೆ. ತುಂಬಲು ಹೋಗಬೇಡಿ.

ಬಿಸಿಯೇರುವ ಗಳಿಗೆ ಬಂದೇ ಬರುತ್ತದೆ. ಒಬ್ಬರು ಎದ್ದು 'ನಿಮ್ಮವರು ಯಾವಾಗಲೂ ಹೀಗೇ' ಅಂದರು ಎನ್ನಿ. ಎದುರಿನವರ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸುತ್ತದೆ. 'ಶಾಂತಿ, ಶಾಂತಿ' ಎಂದು ಕೈ ಎತ್ತಿದರೆ ಇಬ್ಬರಿಗೂ ಅವಮಾನ. ಅಂದವರ ಕಡೆಗೇ ತಿರುಗಿ: 'ಅಣ್ಣ, "ಯಾವಾಗಲೂ" ಅಂದ್ರಿ. ನಿಮ್ಮ ಕಣ್ಣೆದುರಿಗೆ ಆದದ್ದು ಒಂದು ಹೇಳಿ. ಯಾವತ್ತು, ಎಲ್ಲಿ?' ಅವರು ಹೇಳುತ್ತಾರೆ: ಹೋದ ವರ್ಷ ವಿಸರ್ಜನೆಯ ದಿನ, ಮನೆಯಲ್ಲಿ ಅಪ್ಪನಿಗೆ ಆಪರೇಷನ್ ಆಗಿತ್ತು, ಡೊಳ್ಳು ಕಡಿಮೆ ಮಾಡಿ ಅಂದರೆ ನಕ್ಕರು. ಈಗ ಮಾತು ಕೋಮಿನಿಂದ ಒಂದು ರಾತ್ರಿಗೆ ಇಳಿಯಿತು. ಆಮೇಲೆ ಎದುರಿನವರಿಗೆ: 'ಅವರು ಹೇಳಿದ್ದು ನಿಮಗೆ ಹೇಗೆ ಕೇಳಿಸ್ತು, ಅಷ್ಟನ್ನೇ ಹೇಳಿ. ಉತ್ತರ ಆಮೇಲೆ ಕೊಡೋರಂತೆ.' ಕೇಳಿದ್ದನ್ನು ತಿರುಗಿ ಹೇಳುವಾಗ ದನಿ ತಾನಾಗಿ ತಗ್ಗುತ್ತದೆ. ತಪ್ಪಾಗಿ ಹೇಳಿದರೆ ಮೊದಲಿನವರೇ ತಿದ್ದುತ್ತಾರೆ, ಅದೂ ಮಾತುಕತೆಯೇ.

ನಡೆಸುವವರು ಮಾಡುವ ದೊಡ್ಡ ತಪ್ಪು, ಬೇಗ ಸಿಹಿ ಹಂಚುವುದು. ಬೆಂಗಳೂರು ಕರಗ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿ ಬರುತ್ತದೆ, ನಿಜ, ಈ ನಗರದ ಹೆಮ್ಮೆ. ಆದರೆ ಒಬ್ಬರು ತಮ್ಮ ಅಂಗಡಿಯ ಮೇಲೆ ಕಲ್ಲು ಬಿದ್ದ ಮಾತಾಡುತ್ತಿರುವಾಗ ಅದನ್ನು ಎತ್ತಿದರೆ 'ನಿನ್ನ ದೂರು ಸಾಕು' ಅಂದಂತೆಯೇ. ಸೌಹಾರ್ದದ ಉದಾಹರಣೆಯನ್ನು ನೊಂದವರು ತಾವೇ ಎತ್ತಿದರೆ ಅದಕ್ಕೆ ಬೆಲೆ.

ಎರಡನೇ ಮತ್ತು ಮೂರನೇ ಸಭೆಯ ನಡುವೆ ಒಂದು ಪುಟದ ಸಂಗತಿ ಹಾಳೆ ಸಿದ್ಧವಾಗಬೇಕು. ನಮ್ಮ ಉದಾಹರಣೆಗೆ ಬೇಕಾದ್ದು 2000ದ ಶಬ್ದ ಮಾಲಿನ್ಯ ನಿಯಮಗಳು: ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ, ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್, ಹಬ್ಬಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಸಡಿಲಿಸಬಹುದು. ನಿಯಮ ಮಸೀದಿಗೂ ಪೆಂಡಾಲಿಗೂ ಮದುವೆ ಮನೆಯ ಆರ್ಕೆಸ್ಟ್ರಾಗೂ ಒಂದೇ. ಈ ಹಾಳೆಯನ್ನು ನೀವು ಬರೆದು ಹಂಚಬೇಡಿ. ಎರಡೂ ಕಡೆಯ ಒಬ್ಬೊಬ್ಬರು ಕೂತು ಬರೆಯಲಿ, ಅವರೇ ಸಂಜೆ ಡೆಸಿಬಲ್ ಅಳೆಯಲಿ. ಫೋನಿನ ಆ್ಯಪ್ ಕೋರ್ಟಿನಲ್ಲಿ ನಿಲ್ಲುವಷ್ಟು ಕರಾರುವಾಕ್ಕಲ್ಲ, ಆದರೆ ಯಾವುದು ಯಾವುದಕ್ಕಿಂತ ಜೋರು ಎಂದು ತಿಳಿಯಲು ಸಾಕು.

ಜೊತೆಗೆ ಕೆಲಸ ಮಾಡಿಸುವುದರಲ್ಲೂ ಒಂದು ಎಚ್ಚರ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಬೇರೆ ಬೇರೆ ಜಾತಿಯ ಹುಡುಗರಿಗೆ ಕ್ರಿಕೆಟ್ ಲೀಗ್ ಆಡಿಸಿ ಅಧ್ಯಯನ ಮಾಡಿದ್ದಾರೆ. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು. ಎದುರಾಳಿಗಳಾಗಿ ಆಡಿದವರಲ್ಲಿ ಆ ಫಲ ಕಾಣಲಿಲ್ಲ, ಬದಲಿಗೆ ಹಿನ್ನಡೆ. ಆದ್ದರಿಂದ 'ಸೌಹಾರ್ದ ಕಪ್' ಅಂತ ಈ ಬೀದಿಯ ತಂಡವನ್ನು ಆ ಬೀದಿಯ ತಂಡದ ಮೇಲೆ ಆಡಿಸುವ ಮೊದಲು ಯೋಚಿಸಿ. ಆಡಿಸುವುದಾದರೆ ತಂಡಗಳನ್ನೇ ಕಲಸಿ.

ಮೂರನೇ ಸಭೆಗೆ ಮಾತ್ರ ಅಧಿಕಾರ ಇರುವವರನ್ನು ಕರೆಯಿರಿ: ಠಾಣೆಯಿಂದ ಒಬ್ಬರು, ಪಾಲಿಕೆಯಿಂದ ಒಬ್ಬರು. ಕೊನೆಯ ಅರ್ಧ ಗಂಟೆಗಷ್ಟೇ. ಸಮವಸ್ತ್ರ ಕೋಣೆಯಲ್ಲಿದ್ದರೆ ಜನ ಒಬ್ಬರಿಗೊಬ್ಬರು ಮಾತಾಡುವುದನ್ನು ಬಿಟ್ಟು ಸಮವಸ್ತ್ರಕ್ಕೆ ಮಾತಾಡುತ್ತಾರೆ. ಒಪ್ಪಂದ ಸಣ್ಣದಿರಲಿ, ಎರಡೂ ಕಡೆಯದು ಒಂದೇ ವಾರದಲ್ಲಿ ನಡೆಯುವಂತಿರಲಿ. ಹಲಸೂರು ಕೆರೆಯ ಬಳಿ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ ಕನ್ನಡ–ತಮಿಳು ತಕರಾರಿನಿಂದ 18 ವರ್ಷ ಬಟ್ಟೆ ಸುತ್ತಿಕೊಂಡೇ ನಿಂತಿತ್ತು. ಅದು ತೆರೆದದ್ದು 2009ರ ಆಗಸ್ಟ್ 9ರಂದು, ನಾಲ್ಕೇ ದಿನದಲ್ಲಿ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆಯೂ ತೆರೆಯಿತು. ಸರ್ವಜ್ಞನಿಗೆ 'ಮುಂದಿನ ವರ್ಷ ನೋಡೋಣ' ಅಂದಿದ್ದರೆ ವಳ್ಳುವರ್ ಮೈಮೇಲಿನ ಬಟ್ಟೆ ಅಲ್ಲೇ ಇರುತ್ತಿತ್ತೇನೋ. ಸ್ಪೀಕರ್ ಒಂದು ಕಡೆ ಮನೆಗಳಿಂದ ಬೇರೆ ದಿಕ್ಕಿಗೆ ತಿರುಗುವುದಾದರೆ ಇನ್ನೊಂದು ಕಡೆಯದೂ ಅದೇ ವಾರ ತಿರುಗಬೇಕು.

ಮಹಾರಾಷ್ಟ್ರದ ಭಿವಂಡಿ 1984ರಲ್ಲಿ ಗಲಭೆಯಿಂದ ಬೆಂದುಹೋಗಿತ್ತು. ಅಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ 1988ರಿಂದ ಕಟ್ಟಿದ ಮೊಹಲ್ಲಾ ಸಮಿತಿಗಳಲ್ಲಿ ಎರಡೂ ಧರ್ಮದ ಸಾಮಾನ್ಯ ನಿವಾಸಿಗಳು ಜಗಳವಿರಲಿ ಬಿಡಲಿ ಸೇರುತ್ತಿದ್ದರು. 1992ರ ಡಿಸೆಂಬರಿನಲ್ಲಿ ಪಕ್ಕದ ಮುಂಬೈ ಉರಿಯುವಾಗ ಭಿವಂಡಿ ಉರಿಯಲಿಲ್ಲ. ಬಿಕ್ಕಟ್ಟಿಗಾಗಿ ಕಾಯದೆ ಸೇರುವುದೇ ಅಲ್ಲಿಯ ಗುಟ್ಟು. ಆದ್ದರಿಂದ ಮೂರನೇ ಸಭೆ ಮುಗಿದು ಫೋನುಗಳನ್ನು ಬುಟ್ಟಿಯಿಂದ ಎತ್ತಿಕೊಳ್ಳುವ ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿ ನಾಲ್ಕನೆಯದರ ತಾರೀಖು ಬರೆದುಬಿಡಿ. ಆರು ವಾರ ದಾಟದಿರಲಿ. ಗೌರಿ ಹಬ್ಬ ಹತ್ತಿರವಿದ್ದರೆ, ಪೆಂಡಾಲಿನ ಅನುಮತಿಗೆ ಅರ್ಜಿ ಹಾಕುವುದಕ್ಕಿಂತ ಮುಂಚಿನ ಭಾನುವಾರ. ಅರ್ಜಿ ಕೊಡಲು ಹುಡುಗರು ಹೋಗುವಾಗ ಮಸೀದಿ ಕಮಿಟಿಯಿಂದಲೂ ಒಬ್ಬರು ಜೊತೆಗೆ ಹೋಗುವುದಾದರೆ, ಯಾರು ಹೋಗುತ್ತಾರೆ ಎಂಬ ಹೆಸರನ್ನೂ ಆ ಚೌಕದಲ್ಲೇ ಬರೆಯಿರಿ.